ಗಣಿಯ ಹಗ್ಗವೂ ಪುಸ್ತಕದ ಹಗ್ಗವೂ



ಚಲನಶಾಸ್ತ್ರವೆಂದೊಡನೆ ಅನೇಕ ವಿದ್ಯಾರ್ಥಿಗಳ ಮುಖವು ಬಾಡುವುದು. ಸೂತ್ರಗಳೆಲ್ಲ ಕಂಠಪಾಠವಾಗಿರುವುವು, ಲೆಕ್ಕವೊಂದನ್ನು ಮುಂದಿಟ್ಟರೆ ಕೈ ಓಡದು. ಕೋಲಾರದ ಚಿನ್ನದ ಗಣಿಗಳ ಸೀಮೆಯ ಮಕ್ಕಳಿಗಂತೂ ಈ ಭೀತಿಯು ಸಲ್ಲತಕ್ಕುದಲ್ಲ. 2001ರಲ್ಲಿ ಅಲ್ಲಿಯ ಗಣಿಕೆಲಸವು ನಿಂತಿತಾದರೂ, ಆ ಮಕ್ಕಳ ಹಿರಿಯರು ದಿನದಿನವೂ ಈ ಶಾಸ್ತ್ರವನ್ನೇ ನಂಬಿ ಪ್ರಾಣವನ್ನು ಒಂದು ಹಗ್ಗಕ್ಕೆ ಒಪ್ಪಿಸಿ ನೆಲದೊಳಕ್ಕೆ ಇಳಿದವರು. ಚಾಂಪಿಯನ್ ರೀಫ್ ಗಣಿಯು 3000 ಮೀಟರುಗಳಿಗೂ ಮಿಗಿಲಾದ ಆಳವನ್ನು ಮುಟ್ಟಿದ್ದಿತು.

ಆ ಹಗ್ಗದಿಂದಲೇ ಪಾಠವು ಮೊದಲಾಗಲಿ. ರಾಟೆಯ ಮೇಲೆ ಹಾದ ಹಗ್ಗದ ಒಂದು ತುದಿಯಲ್ಲಿ 4 ಟನ್ನಿನ ಕೇಜು, ಇನ್ನೊಂದರಲ್ಲಿ 3 ಟನ್ನಿನದು, ಎಂಜಿನಿಲ್ಲ, ತಡೆಯಿಲ್ಲ. ಹಗ್ಗದ ಎಳೆತವೆಷ್ಟು? ವಿದ್ಯಾರ್ಥಿಯು ಥಟ್ಟನೆ ನಾಲ್ಕರಲ್ಲಿ ಮೂರನ್ನು ಕಳೆದು ‘ಒಂದು ಟನ್ನು’ ಎನ್ನುವನು. ಉಪಾಧ್ಯಾಯನಾದವನು ಇಲ್ಲಿ ಉತ್ತರವನ್ನು ಹೇಳಿಬಿಡಬಾರದು, ಗದರಿಸಲೂ ಬಾರದು. ‘ಅಪ್ಪಾ, ಒಂದು ಟನ್ನಿನ ಎಳೆತವು ಮೂರು ಟನ್ನಿನ ಕೇಜನ್ನು ಮೇಲೆತ್ತೀತೆ?’ ಎಂದು ಕೇಳಿದರೆ ಸಾಕು. ಹುಡುಗನೇ ನಕ್ಕು ತನ್ನ ಉತ್ತರವನ್ನು ಅಳಿಸುವನು. ಹಗುರವಾದುದು ಏರಬೇಕಾದರೆ ಎಳೆತವು ಮೂರಕ್ಕಿಂತ ಹೆಚ್ಚಿರಬೇಕು. ಭಾರವಾದುದು ಇಳಿಯಬೇಕಾದರೆ ನಾಲ್ಕಕ್ಕಿಂತ ಕಡಿಮೆಯಿರಬೇಕು. ಬಳಿಕ ಒಂದೊಂದು ಕೇಜನ್ನೂ ಬೇರೆಬೇರೆಯಾಗಿ ಬರೆದು, ಅದನ್ನು ಯಾವುದು ಮೇಲಕ್ಕೆ ಎಳೆಯುವುದು, ಯಾವುದು ಕೆಳಕ್ಕೆ ಎಳೆಯುವುದು ಎಂದು ಗುರುತಿಸಿದರೆ, 24ನ್ನು 7ರಿಂದ ಭಾಗಿಸಿ ಸುಮಾರು 3.43 ಟನ್ನೆಂಬ ಉತ್ತರವು ತಾನಾಗಿಯೇ ಬರುವುದು. ಸೂತ್ರಕ್ಕೆ ಮುಂಚೆ ಮಿತಿಯನ್ನು ಕಂಡುಕೊಂಡವನು ಪರೀಕ್ಷೆಯಲ್ಲಿ ಎಡವುವುದು ಅಪರೂಪ.

‘ಹಗ್ಗಕ್ಕೆ ತೂಕವಿಲ್ಲವೆಂದು ಭಾವಿಸಿ’ ಎನ್ನುವುದು ಪುಸ್ತಕಗಳ ವಾಡಿಕೆ. ಅಂಥ ಹಗ್ಗವನ್ನು ಗಣಿಯ ಕೂಲಿಗಾರನಿಗೆ ತೋರಿಸಿದ್ದರೆ ಅವನು ಆ ದಿನ ರಜೆ ಕೇಳುತ್ತಿದ್ದನು! ಮೀಟರಿಗೆ 5 ಕಿಲೋಗ್ರಾಮಿನಂತೆ ಹಿಡಿದರೂ 2000 ಮೀಟರು ಹಗ್ಗದ ತೂಕವು 10 ಟನ್ನು. ಮೂರು ಟನ್ನಿನ ಕೇಜು ತಳದಲ್ಲಿಯೂ ನಾಲ್ಕು ಟನ್ನಿನದು ಮೇಲೆಯೂ ಇದ್ದರೆ, ಹಗ್ಗವೂ ಸೇರಿ ತಳದ ಪಕ್ಕವೇ ಹದಿಮೂರಾಗಿ ಗೆಲ್ಲುವುದು. ಆದುದರಿಂದಲೇ ಆಳವಾದ ಗಣಿಗಳಲ್ಲಿ ಕೇಜುಗಳ ಕೆಳಗೆ ಸರಿದೂಗಿಸುವ ಬಾಲದ ಹಗ್ಗವನ್ನು ಕಟ್ಟುವ ಪದ್ಧತಿಯೂ ಬಂದಿತು.

ಇನ್ನು ಬಂಗಾರಪೇಟೆಯ ಜಂಕ್ಷನ್ನಿನ ಮಾತು. ಪಕ್ಕದ ಗಾಡಿಯು ಹೊರಟರೆ ನಮ್ಮ ಗಾಡಿಯೇ ಹೊರಟಿತೆಂದು ಹಿಗ್ಗಿ, ತಿಂಡಿಯವನಿಗೆ ಅವಸರದಿಂದ ಹಣ ಕೊಟ್ಟು ಚಿಲ್ಲರೆಯನ್ನು ಕಳೆದುಕೊಂಡವರು ಸಾಪೇಕ್ಷ ಚಲನೆಯನ್ನು ಮತ್ತೆ ಮರೆಯರು. ಮಾರಿಕುಪ್ಪದ ಕಡೆಗೆ ಸಮವೇಗದಿಂದ ನೇರವಾಗಿ ಹೋಗುವ ಗಾಡಿಯಲ್ಲಿ ಕೈತಪ್ಪಿದ ನಾಣ್ಯವು ಹಿಂದಕ್ಕೆ ಹಾರದೆ ಕಾಲಬುಡದಲ್ಲಿಯೇ ಬೀಳುವುದು. ಗಾಡಿಯ ವೇಗವು ನಾಣ್ಯಕ್ಕೂ ಉಂಟಷ್ಟೆ.

ಇದನ್ನು ಅರಿತ ವಿದ್ಯಾರ್ಥಿಯ ಮುಂದೆ ಕಡೆಯ ಸಮಸ್ಯೆಯನ್ನು ಇಡಬಹುದು. 2000 ಮೀಟರಿನ ನೆಟ್ಟಗಿನ ಗುಂಡಿಯ ನಡುಮಧ್ಯದಿಂದ ಕಲ್ಲನ್ನು ಬಿಟ್ಟರೆ ಅದು ಎಲ್ಲಿ ಬೀಳುವುದು? ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ ಸುಮಾರು 20 ಸೆಕೆಂಡು ಬೀಳಬೇಕು. ಭೂಮಿಯು ಪೂರ್ವಕ್ಕೆ ತಿರುಗುತ್ತಿರುವುದು. ಗುಂಡಿಯ ಬಾಯಿಯು ಭೂಮಿಯ ಅಕ್ಷದಿಂದ ತಳಕ್ಕಿಂತ ದೂರವಿರುವ ಕಾರಣ ಅದರ ಪೂರ್ವಾಭಿಮುಖ ವೇಗವೂ ಹೆಚ್ಚು. ಆ ವೇಗವನ್ನು ಹೊತ್ತೇ ಇಳಿಯುವ ಕಲ್ಲು ಕೋಲಾರದ ಅಕ್ಷಾಂಶದಲ್ಲಿ ಸುಮಾರು 1.9 ಮೀಟರು ಪೂರ್ವಕ್ಕೆ ಸರಿಯುವುದು. ಗುಂಡಿಯ ಅಗಲವು ಮೂರೇ ಮೀಟರಾದರೆ ಕಲ್ಲು ತಳವನ್ನು ಕಾಣುವ ಮೊದಲೇ ಮೂಡಣ ಗೋಡೆಗೆ ತಗಲುವುದು. ಆಳವು ನೂರರಲ್ಲೊಂದು ಪಾಲಾದರೆ ಸರಿಯುವಿಕೆಯು ಸಾವಿರದಲ್ಲೊಂದು ಪಾಲಾಗುವುದರಿಂದ, 20 ಮೀಟರಿನ ಊರ ಬಾವಿಯಲ್ಲಿ ಇದು ಎರಡು ಮಿಲಿಮೀಟರನ್ನೂ ಮುಟ್ಟದು. ನೀರು ಸೇದುವ ತಾಯಂದಿರು ಇಂದಿನವರೆಗೂ ಇದನ್ನು ಕುರಿತು ದೂರದಿರುವುದಕ್ಕೆ ಕಾರಣವು ಇದೇ.