ಆಸ್ಪತ್ರೆಯಿಂದ ಮನೆಗೆ ಬಂದ ಮೇಲಿನ ಸಾಲ
(ರೈತರ ಸಭೆಗಾಗಿ ಸಿದ್ಧಪಡಿಸಿದ ಭಾಷಣ)



ಬೆಲೆ ಬಿದ್ದರೆ ಸಾಲವಾಗುತ್ತೆ ಅನ್ನೋದನ್ನ ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ಶಿಡ್ಲಘಟ್ಟದಲ್ಲಿ ಗೂಡಿನ ರೇಟು ಕುಸಿದ ದಿನ ಆ ಪಾಠ ಆಗಿಯೇ ಆಗಿದೆ. ಆದರೆ ಕಾಯಿಲೆಯ ಸಾಲದ ಲೆಕ್ಕವನ್ನು ಮಾತ್ರ ನಾವು ಆಸ್ಪತ್ರೆ ಬಾಗಿಲಿಗೇ ನಿಲ್ಲಿಸಿಬಿಡುತ್ತೇವೆ. ಸೊಂಟ ಮುರಿದವರು, ಲಕ್ವ ಹೊಡೆದವರು ಮನೆಗೆ ಬಂದ ಮೇಲೆ ಮಾತ್ರೆ, ಡ್ರೆಸ್ಸಿಂಗು, ಫಿಸಿಯೋಥೆರಪಿ, ಬೆಂಗಳೂರಿಗೆ ಮತ್ತೆ ಮತ್ತೆ ಬಾಡಿಗೆ ಕಾರು. ಬಡ್ಡಿ ಸಾಲ ಹುಟ್ಟೋದು ಇಲ್ಲಿ.

ವಿಮೆ ಇದರಲ್ಲಿ ಏನು ಕೊಡುತ್ತೆ?

2003ರಲ್ಲಿ ಸಹಕಾರ ಸಂಘದ ರೈತರು ತಲೆಗೆ ತಿಂಗಳಿಗೆ 5 ರೂಪಾಯಿಯಂತೆ ಕಟ್ಟಿದ್ದರಿಂದ ಯಶಸ್ವಿನಿ ನಡೆಯಿತು. 2018ರಲ್ಲಿ ನಿಂತಿತು. 2022ರಲ್ಲಿ ಮತ್ತೆ ತಂದಾಗ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂ. ವಂತಿಗೆ ಇಟ್ಟರು. ಶುರುವಿನಿಂದಲೂ ಅದರ ಕಣ್ಣು ಆಪರೇಷನ್ ಮೇಲೆ.

ಆಯುಷ್ಮಾನ್ ಭಾರತ್ ಪ್ಯಾಕೇಜಿನಲ್ಲಿ ಬಿಡುಗಡೆಯ ನಂತರ 15 ದಿನದ ಔಷಧಿ, ಪರೀಕ್ಷೆ ಸೇರಿದೆ. ಅದನ್ನು ಡಿಸ್ಚಾರ್ಜಿನ ದಿನವೇ ಕೇಳಿ ಪಡೆಯಿರಿ. ಬಿಪಿಎಲ್ ಕಾರ್ಡು ಇಲ್ಲದ ಜಮೀನುದಾರರಿಗೆ ಕರ್ನಾಟಕದ ನಿಯಮದಲ್ಲಿ ಪ್ಯಾಕೇಜ್ ದರದ ಶೇ. 30 ಮಾತ್ರ. ಮಿಕ್ಕಿದ್ದು ನಿಮ್ಮ ಜೇಬಿನದು.

ದುಡ್ಡು ಕೊಟ್ಟು ಕೊಳ್ಳುವ ಪಾಲಿಸಿಗಳಲ್ಲಿ, 2020ರಲ್ಲಿ ಬಂದ ಆರೋಗ್ಯ ಸಂಜೀವಿನಿ ಬಿಡುಗಡೆಯ ನಂತರ 60 ದಿನದ ಖರ್ಚು ಒಪ್ಪುತ್ತೆ. ಅದೇ ಕಾಯಿಲೆಯ ಖರ್ಚಾಗಿರಬೇಕು, ಡಾಕ್ಟರ ಚೀಟಿ ಇರಬೇಕು, ಬಿಲ್ಲು ಅಸಲಾಗಿರಬೇಕು. ಆ ಚಿಕಿತ್ಸೆ ಮುಗಿದ 15 ದಿನದೊಳಗೆ ಕಾಗದ ಕಂಪನಿಗೆ ಮುಟ್ಟಿಸಬೇಕು. ಆದ್ದರಿಂದ ಔಷಧಿ ಅಂಗಡಿಯ ಬಿಲ್ಲನ್ನು ಪಹಣಿಯಂತೆ ಜೋಪಾನ ಮಾಡಿ.

ಇನ್ನು ಮುಖ್ಯವಾದ ಮಾತು. ಮೈ ತೊಳೆಸುವ, ಬಟ್ಟೆ ಹಾಕುವ, ಉಣಿಸುವ ಆರೈಕೆಗೆ ಈ ಪಾಲಿಸಿ ಕಾಸು ಬಿಚ್ಚೊಲ್ಲ. ನಿಯಮದಲ್ಲೇ ಹೊರಗಿಟ್ಟಿದ್ದಾರೆ. ಆಯುಷ್ಮಾನ್‌ನ 15 ದಿನದಲ್ಲೂ ಅದಕ್ಕೆ ಜಾಗವಿಲ್ಲ. ನಾಲ್ಕನೇ ಜ್ವರ ಎದ್ದ ಹುಳು ಹೊತ್ತು ಹೊತ್ತಿಗೆ ಸೊಪ್ಪು ಕೇಳುತ್ತೆ. ಹಾಸಿಗೆ ಹಿಡಿದವರೂ ಹೊತ್ತಿಗೆ ಸರಿಯಾಗಿ ಕೈ ಕೇಳುತ್ತಾರೆ. ಎರಡನ್ನೂ ನೋಡೋಳು ಮನೆಯ ಹೆಂಗಸು. ಅವಳ ದುಡಿಮೆಗೆ ಯಾವ ಲೆಕ್ಕಪುಸ್ತಕದಲ್ಲಿ ಕಾಲಂ ಇದೆ, ಹೇಳಿ!

ಗೌರಿಬಿದನೂರಿನವರಾಗಲಿ, ಚಿಂತಾಮಣಿ, ಚಿಕ್ಕಬಳ್ಳಾಪುರದವರಾಗಲಿ, ನಿಮ್ಮ ಸಹಕಾರ ಸಂಘದ ಮಹಾಸಭೆಯಲ್ಲಿ ಎದ್ದು ನಿಂತು ಕೇಳಿ: ಯಶಸ್ವಿನಿಗೆ ವಂತಿಗೆ ಕಟ್ಟುವವರು ನಾವು, ಆಪರೇಷನ್ ಆದ ಮೇಲಿನ ಎರಡು ತಿಂಗಳ ಮದ್ದು, ಫಿಸಿಯೋಥೆರಪಿ ಅದರಲ್ಲಿ ಯಾಕೆ ಸೇರಬಾರದು? ನಿರ್ಣಯ ಬರೆಸಿ, ಸಹಿ ಹಾಕಿಸಿ, ಸಹಕಾರ ಇಲಾಖೆಗೆ ಕಳಿಸಿ. ಕೇಳದವನಿಗೆ ಮಂಡಿಯಲ್ಲೂ ಬೆಲೆ ಸಿಕ್ಕಿಲ್ಲ, ಆಸ್ಪತ್ರೆಯಲ್ಲೂ ಸಿಗೋದಿಲ್ಲ.