ಹಡಗಿನ ಮೇಲೆ ಒಂಬತ್ತು ಸುತ್ತು

ಸಮುದ್ರದ ಮೇಲೆ ನಡೆದವರು ಉಂಟೆ ಎಂದು ಯಾರಾದರೂ ಕೇಳಿದರೆ ನೀವು ಪುರಾಣದ ಹೆಸರು ಹೇಳುತ್ತೀರಿ. ನಾನೂ ನಡೆದಿದ್ದೇನೆ, ಐದು ಕಿಲೋಮೀಟರು. ಕಾಲ ಕೆಳಗೆ ಹಡಗಿತ್ತು ಎನ್ನುವುದನ್ನು ಮರೆಮಾಚುವುದಿಲ್ಲ.

2010ರ ಜೂನ್ ತಿಂಗಳು. ನಮ್ಮ ಮಗಳು, ಅಳಿಯ ಅಮೆರಿಕದ ಸಿಯಾಟಲ್ ನಗರದಲ್ಲಿದ್ದರು. ನಾನಿನ್ನೂ ಬ್ಯಾಂಕಿನ ಕೆಲಸದಲ್ಲಿದ್ದೆ. ಕೂಡಿಟ್ಟ ರಜವನ್ನೆಲ್ಲ ಒಟ್ಟಿಗೆ ಹಾಕಿ ನಾನೂ ನನ್ನ ಹೆಂಡತಿಯೂ ಹೋಗಿದ್ದೆವು. ಅಳಿಯ ನಮ್ಮನ್ನು ಕೇಳದೆಯೇ ಅಲಾಸ್ಕದ ಕಡೆ ಹೋಗುವ ಹಡಗಿನಲ್ಲಿ ಏಳು ದಿನದ ವಿಹಾರಕ್ಕೆ ಟಿಕೆಟು ಮಾಡಿಸಿಬಿಟ್ಟಿದ್ದ. ಹಡಗೆಂದರೆ ಹಾಸನದಲ್ಲಿ ನಾವಿರುವ ಬೀದಿಗಿಂತ ಉದ್ದ. ಅಂತಸ್ತಿನ ಮೇಲೆ ಅಂತಸ್ತು. ಪ್ರಯಾಣಿಕರೇ ಎರಡು ಸಾವಿರದ ಹತ್ತಿರ. ಬೆಳಗಿನಿಂದ ನಡುರಾತ್ರಿಯವರೆಗೆ ಅಲ್ಲಿ ತಿನ್ನುವುದೇ ಕಸುಬು. ಅಷ್ಟೊಂದು ತಿಂಡಿಗಳ ನಡುವೆ ಒಂದು ಹಿಡಿ ಅನ್ನವನ್ನೂ ಮೊಸರನ್ನೂ ಒಂದೇ ತಟ್ಟೆಗೆ ತರುವುದು ನಮ್ಮಿಬ್ಬರ ನಿತ್ಯದ ಸಾಹಸವಾಗಿತ್ತು. ಹಿಮನದಿಗಳ ಸಂಗತಿಯನ್ನು ಇನ್ನೊಮ್ಮೆ ಹೇಳುತ್ತೇನೆ.

ಪ್ರತಿ ರಾತ್ರಿ ಮರುದಿನದ ಕಾರ್ಯಕ್ರಮಗಳನ್ನು ಅಚ್ಚುಹಾಕಿದ ಒಂದು ಹಾಳೆ ನಮ್ಮ ಕೋಣೆಗೆ ಬರುತ್ತಿತ್ತು. ನೀವೀಗ ಕೈಯಲ್ಲಿ ಹಿಡಿದಿರುವ ಪತ್ರಿಕೆಯ ತಮ್ಮನೆನ್ನಿ. ಅದರಲ್ಲಿ ಒಂದು ದಿನ ‘ಸ್ತನ ಕ್ಯಾನ್ಸರಿನ ಸಂಶೋಧನೆಯ ಸಹಾಯಾರ್ಥ ಐದು ಕಿಲೋಮೀಟರಿನ ನಡಿಗೆ’ ಎಂದಿತ್ತು. ಹೆಸರು ಕೊಟ್ಟವರು ಒಂದಿಷ್ಟು ಡಾಲರು ತೆರಬೇಕು. ಆಗಿನ ನಮ್ಮ ಲೆಕ್ಕದಲ್ಲಿ ಸಾವಿರ ರೂಪಾಯಿಯ ಒಳಗೇ. ಬದಲಿಗೆ ಒಂದು ಬನಿಯನ್ ಅಂಗಿ, ಕೈಗೆ ಒಂದು ಪಟ್ಟಿ. ಹಾಲೆಂಡ್ ಅಮೆರಿಕ ಲೈನ್ ಎಂಬ ಆ ಹಡಗು ಕಂಪೆನಿ 2006ರಿಂದ ತನ್ನ ಹಡಗುಗಳಲ್ಲಿ ಇಂಥ ನಡಿಗೆಯನ್ನು ಏರ್ಪಡಿಸುತ್ತಿತ್ತು. ಹಣ ಆಗ ಹೋಗುತ್ತಿದ್ದದ್ದು ಸೂಸನ್ ಕೋಮೆನ್ ಹೆಸರಿನ ಸಂಸ್ಥೆಗೆ.

ಈ ಸೂಸನ್ ಯಾರು? ಅಮೆರಿಕದ ಪಿಯೋರಿಯಾ ಎಂಬ ಊರಿನ ಹೆಣ್ಣುಮಗಳು. 1980ರಲ್ಲಿ, ಮೂವತ್ತಾರನೆಯ ವಯಸ್ಸಿನಲ್ಲಿ, ಸ್ತನ ಕ್ಯಾನ್ಸರಿನಿಂದ ತೀರಿಕೊಂಡಳು. ತಂಗಿ ನ್ಯಾನ್ಸಿ ಬ್ರಿಂಕರ್ ಅಕ್ಕನಿಗೆ ಕೊಟ್ಟ ಮಾತಿನಂತೆ 1982ರಲ್ಲಿ ಅವಳ ಹೆಸರಿನಲ್ಲಿ ಸಂಸ್ಥೆ ಕಟ್ಟಿದಳು. 1983ರಲ್ಲಿ ಡಲ್ಲಾಸ್ ನಗರದಲ್ಲಿ ಎಂಟುನೂರು ಜನರಿಂದ ಮೊದಲ ಓಟ ನಡೆಯಿತು. ಮರುವರ್ಷ ಆ ತಂಗಿಗೂ ಅದೇ ರೋಗ ಕಾಣಿಸಿತು. ಆಕೆ ಗುಣ ಹೊಂದಿದಳು. ಈ ಸಂಸ್ಥೆ ಸಂಶೋಧನೆಗೆ ಎಷ್ಟು ಕೊಡುತ್ತದೆ, ಪ್ರಚಾರಕ್ಕೆ ಎಷ್ಟು ಸುರಿಯುತ್ತದೆ ಎಂಬ ತಕರಾರು ಆ ದೇಶದಲ್ಲಿಯೇ ಎದ್ದದ್ದುಂಟು. ದಾನ ಕೊಡುವವನು ಲೆಕ್ಕ ಕೇಳುವುದು ತಪ್ಪಲ್ಲ. ಬ್ಯಾಂಕಿನವನಾಗಿ ನಾನು ಅದನ್ನು ಹೇಳಲೇಬೇಕು.

ಅಕ್ಕ ಎಂಬ ಮಾತು ಆ ಹಾಳೆಯಲ್ಲಿ ಇಲ್ಲದಿದ್ದರೆ ನಾನು ಹೆಸರು ಕೊಡುತ್ತಿರಲಿಲ್ಲವೆಂದು ಕಾಣುತ್ತದೆ. ನನ್ನ ಅಕ್ಕನೂ 1984ರಲ್ಲಿ ಅದೇ ರೋಗದಿಂದ ಹೋದವಳು. ಆಗ ಅವಳಿಗೆ ನಲವತ್ತು.

ಬೆಳಗ್ಗೆ ಹತ್ತರ ಹೊತ್ತಿಗೆ ಅರವತ್ತು ಎಪ್ಪತ್ತು ಜನ ಸೇರಿದೆವು. ಹಡಗಿನ ಸುತ್ತಲೂ ಒಂದು ಮರದ ಜಗಲಿ. ತಲೆಯ ಮೇಲೆ ಪ್ರಾಣರಕ್ಷಣೆಯ ದೋಣಿಗಳ ಸಾಲು. ಮೂರು ಸುತ್ತು ಬಂದರೆ ಒಂದು ಮೈಲಿ. ಐದು ಕಿಲೋಮೀಟರಿಗೆ ಒಂಬತ್ತು ಸುತ್ತು, ಮೇಲೆ ಸ್ವಲ್ಪ. ಎಲ್ಲರೂ ಎಡಕ್ಕೆ ತಿರುಗುತ್ತ ಹೋಗಬೇಕೆಂದು ಅಪ್ಪಣೆಯಾಯಿತು. “ಇದು ಅಪ್ರದಕ್ಷಿಣೆ ಅಲ್ವೇನ್ರೀ?” ಎಂದು ನನ್ನ ಹೆಂಡತಿ ಅಲ್ಲಿಯೇ ಆಕ್ಷೇಪಣೆ ಎತ್ತಿದರು. ಸೀರೆಯ ಮೇಲೆ ಆ ಅಂಗಿ, ಅದರ ಮೇಲೆ ಸ್ವೆಟರು, ತಲೆಗೆ ಮಫ್ಲರು. ಮೂತಿಯ ಕಡೆ ಹೋದಾಗ ಗಾಳಿ ಎದೆಗೆ ಕೈ ಕೊಟ್ಟು ಹಿಂದಕ್ಕೆ ನೂಕುವುದು. ತಿರುಗಿಕೊಂಡರೆ ಅದೇ ಗಾಳಿ ಬೆನ್ನು ತಟ್ಟಿ ಓಡಿಸುವುದು. ನಾವು ಒಂದು ಗಂಟೆ ನಡೆದು ಹೊರಟಲ್ಲಿಗೇ ಬರುವಷ್ಟರಲ್ಲಿ ಹಡಗು ಮೂವತ್ತು ಕಿಲೋಮೀಟರಾದರೂ ಮುಂದೆ ಹೋಗಿತ್ತು.

ನಾಲ್ಕನೆಯ ಸುತ್ತಿನಲ್ಲಿ ಒಬ್ಬ ಮುದುಕಿ ನಮ್ಮ ಜೊತೆಯಾದರು. ಎಪ್ಪತ್ತು ದಾಟಿರಬೇಕು. ಯಾರಿಗಾಗಿ ನಡೆಯುತ್ತಿದ್ದೀರಿ ಎಂದು, ಹವಾಮಾನ ಕೇಳಿದಷ್ಟು ಸಲೀಸಾಗಿ ಕೇಳಿದರು. ತಾನು ತನಗಾಗಿಯೇ ನಡೆಯುತ್ತಿರುವೆನೆಂದೂ, ಹನ್ನೊಂದು ವರ್ಷದ ಹಿಂದೆ ಗೆಡ್ಡೆಯನ್ನು ಮಾತ್ರ ತೆಗೆದು ವಿಕಿರಣ ಕೊಟ್ಟರೆಂದೂ ಹೇಳಿದರು.

ಗೆಡ್ಡೆಯನ್ನು ಮಾತ್ರ ಎಂಬುದನ್ನು ಗಮನಿಸಿ. ಹಾಲ್‌ಸ್ಟೆಡ್ ಎಂಬ ಶಸ್ತ್ರವೈದ್ಯ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರೂಢಿಗೆ ತಂದ ಚಿಕಿತ್ಸೆಯಲ್ಲಿ ಇಡೀ ಸ್ತನವನ್ನೂ ಎದೆಯ ಸ್ನಾಯುಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆದುಬಿಡುತ್ತಿದ್ದರು. ಅಷ್ಟು ಬೇಕೇ ಎಂದು ಪಿಟ್ಸ್‌ಬರ್ಗಿನ ಬರ್ನಾರ್ಡ್ ಫಿಷರ್ ಕೇಳಿದರು. 1976ರಲ್ಲಿ ಒಂದು ಪ್ರಯೋಗ ಪ್ರಾರಂಭವಾಯಿತು. 1985ರಲ್ಲಿ ಅದರ ಫಲ ಹೊರಬಂತು. 2002ರಲ್ಲಿ ಇಪ್ಪತ್ತು ವರ್ಷದ ಲೆಕ್ಕವೂ ಬಂತು. ಗೆಡ್ಡೆ ಚಿಕ್ಕದಿರುವಾಗ ಅದನ್ನಷ್ಟೇ ತೆಗೆದು ವಿಕಿರಣ ಕೊಟ್ಟವರೂ, ಇಡೀ ಸ್ತನ ತೆಗೆಸಿಕೊಂಡವರೂ ಬದುಕಿ ಉಳಿದ ಪ್ರಮಾಣ ಒಂದೇ ಆಗಿತ್ತು. ಸಂಶೋಧನೆಗೆ ಕೊಟ್ಟ ಹಣ ಏನಾಗುತ್ತದೆ ಎಂದು ಕೇಳುವವರಿಗೆ ನಮ್ಮ ಪಕ್ಕದಲ್ಲಿ ಕೈ ಬೀಸಿ ನಡೆಯುತ್ತಿದ್ದ ಆ ಮುದುಕಿಯನ್ನು ತೋರಿಸಬಹುದಾಗಿತ್ತು.

ಅವರು ಹೇಳಿದ ಮೇಲೆ ನಾನೂ ಅಕ್ಕನ ವಿಷಯ ಹೇಳಿದೆ. ನಮ್ಮ ಮನೆಯಲ್ಲಿ ಆ ರೋಗದ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ‘ಆ ಕಾಯಿಲೆ’ ಎನ್ನುತ್ತಿದ್ದೆವು, ಅದೂ ಪಿಸುಮಾತಿನಲ್ಲಿ. ಕೊನೆಗೆ ಹುಣ್ಣಾಗಿ ವಾಸನೆ ಬಂದಾಗ ಭಾವನವರು ಬೆಂಗಳೂರಿಗೆ ಕರೆದೊಯ್ದರು. ಅಲ್ಲಿ ಕಿದ್ವಾಯಿ ಸ್ಮಾರಕ ಸಂಸ್ಥೆ 1973ರಿಂದಲೇ ಇತ್ತು; ನಮ್ಮೂರಿಂದ ಬಸ್ಸಿನಲ್ಲಿ ಅರ್ಧ ದಿನದ ದಾರಿ. “ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ” ಎಂದು ನಾನು ಆಕೆಗೆ ಇಂಗ್ಲಿಷಿನಲ್ಲಿ ಹೇಳಿದೆ.

ಮುದುಕಿ ಮುಂದೆ ಹೋದರು. ಒಂದು ಸುತ್ತು ಮುಗಿಯಿತು. ನನ್ನ ಹೆಂಡತಿ ಮಾತೇ ಆಡಲಿಲ್ಲ. ಏಳನೆಯ ಸುತ್ತಿನಲ್ಲಿ, ಹಿಂಬದಿಯ ಗಾಳಿಯಿಲ್ಲದ ಕಡೆ, “ಯಾರಿಗೂ ಗೊತ್ತಿರಲಿಲ್ಲ ಅಂದ್ರಲ್ಲ. ನನಗೆ ಗೊತ್ತಿತ್ತು” ಎಂದರು.

1982ರ ಗೌರಿ ಹಬ್ಬ. ಅಕ್ಕ ಬಾಗಿನಕ್ಕೆಂದು ತೌರಿಗೆ ಬಂದಿದ್ದಳು. ನಮ್ಮ ಮದುವೆಯಾಗಿ ಆರು ತಿಂಗಳು. ಅತ್ತಿಗೆಗೆ ಎಣ್ಣೆ ಹಚ್ಚುತ್ತಿದ್ದಾಗ ಕೈಗೆ ಹುಣಸೇ ಬೀಜದಷ್ಟು ಒಂದು ಗಂಟು ಸಿಕ್ಕಿತಂತೆ. “ನೋವಿಲ್ಲ ಕಣೇ, ತಾನೇ ಕರಗುತ್ತೆ. ಯಾರ ಹತ್ತಿರವೂ ಅನ್ನಬೇಡ, ನನ್ನಾಣೆ” ಎಂದಳಂತೆ ಅಕ್ಕ. ಮೊದಮೊದಲು ನೋವಿಲ್ಲದಿರುವುದೇ ಈ ರೋಗದ ಮೋಸ. ಆ ಆಣೆಯನ್ನು ನನ್ನ ಹೆಂಡತಿ ಇಪ್ಪತ್ತೆಂಟು ವರ್ಷ ಹೊತ್ತಿದ್ದರು.

ನನಗೆ ಏನನ್ನಿಸಿತು ಎಂದು ನೀವು ಕೇಳುವಿರಿ. ಮೊದಲು ಸಿಟ್ಟು ಬಂತು. ಎಂಟನೆಯ ಸುತ್ತು ಪೂರ್ತಿ ಅವರಿಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದೆ. ಆಮೇಲೆ ಲೆಕ್ಕ ಹಾಕಿದೆ. ಇಪ್ಪತ್ತೆರಡು ವರ್ಷದ ಹೊಸ ಸೊಸೆ. ಆಣೆ ಇಟ್ಟವಳು ಹಿರಿಯ ಅತ್ತಿಗೆ. ಮೀರಿ ನನಗೇ ಹೇಳಿದ್ದರೆ ನಾನು ಏನು ಮಾಡುತ್ತಿದ್ದೆ? ಭಾವನವರ ಎದುರಿಗೆ ನಿಂತು ಆ ಮಾತೆತ್ತುತ್ತಿದ್ದೆನೆ? ಎತ್ತುತ್ತಿದ್ದೆ ಎಂದು ಇಂದಿಗೂ ಹೇಳಲಾರೆ. ಒಂಬತ್ತನೆಯ ಸುತ್ತಿಗೆ ನಿಂತು ಕಾದೆ, ಒಟ್ಟಿಗೆ ಮುಗಿಸಿದೆವು. ಕೊನೆಯಲ್ಲಿ ಗುಲಾಬಿ ಬಣ್ಣದ ನಿಂಬೆ ಪಾನಕ ಕೊಟ್ಟರು. ಆ ಚಳಿಗೆ ಕಾಫಿ ಕೊಡಬಹುದಾಗಿತ್ತು.

ಮುಂದೆ ಬಹಳ ವರ್ಷಗಳಾದ ಮೇಲೆ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರ ಒಂದು ಸಂಶೋಧನೆಯ ಸುದ್ದಿ ಓದಿದೆ. 1998ರಲ್ಲಿ ಆರಂಭಿಸಿ, ಆ ನಗರದ ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು ಎರಡು ಪಾಲು ಮಾಡಿ, ಒಂದು ಪಾಲಿನವರನ್ನು ಎರಡು ವರ್ಷಕ್ಕೊಮ್ಮೆ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಕೈಯಿಂದಲೇ ಮುಟ್ಟಿ ಪರೀಕ್ಷಿಸಿದರು. ಯಂತ್ರವಿಲ್ಲ, ಎಕ್ಸ್-ರೇ ಇಲ್ಲ. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಐವತ್ತು ದಾಟಿದವರಲ್ಲಿ ಈ ರೋಗದ ಸಾವು ಶೇಕಡ 30ರಷ್ಟು ಕಡಮೆಯಾಗಿತ್ತು. ಐವತ್ತರೊಳಗಿನವರಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಅಕ್ಕನಿಗೆ ಗಂಟು ಸಿಕ್ಕಾಗ ಮೂವತ್ತೆಂಟು. ಅವಳು ಉಳಿದೇ ಉಳಿಯುತ್ತಿದ್ದಳು ಎಂದು ಈ ಲೆಕ್ಕದಿಂದ ಹೇಳಲು ಬಾರದು. ಆದರೆ ಆ ಕಾರ್ಯಕರ್ತೆಯರ ಕೈ ಹುಡುಕಿದ್ದನ್ನೇ ನನ್ನ ಹೆಂಡತಿಯ ಎಣ್ಣೆಗೈ ಹಬ್ಬದ ದಿನ ಬಚ್ಚಲುಮನೆಯಲ್ಲಿ ಹುಡುಕಿತ್ತು.

ಊರಿಗೆ ಬಂದ ವಾರದಲ್ಲಿಯೇ ಅವರು ಲೇಡಿ ಡಾಕ್ಟರರ ಬಳಿ ಹೋಗಿ ತೋರಿಸಿಕೊಂಡು ಬಂದರು. ಮನೆಗೆಲಸದಾಕೆಯನ್ನೂ ಜೊತೆಗೆ ಕರೆದೊಯ್ದರು. ಈ ಭಾಷಣ ಬರೆಯುವ ಮುಂಚೆ, ಇದನ್ನು ರೇಡಿಯೋದಲ್ಲಿ ಹೇಳಲೇ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೇಳಿ. ಆದರೆ ಆ ಕಾಯಿಲೆ ಅನ್ನಬೇಡಿ, ಅದರ ಹೆಸರನ್ನೇ ಹೇಳಿ” ಎಂದರು.

ಹಡಗಿನಲ್ಲಿ ಕೊಟ್ಟ ಅಂಗಿ ಅವರಿಗೆ ಎರಡಳತೆ ದೊಡ್ಡದು. ಚಳಿಗಾಲದ ಬೆಳಗ್ಗೆ ಅದನ್ನೇ ಸೀರೆಯ ಮೇಲೆ ಹಾಕಿಕೊಂಡು ದೇವಸ್ಥಾನಕ್ಕೆ ಒಂಬತ್ತು ಸುತ್ತು ಬರುತ್ತಾರೆ. ಬಲಕ್ಕೆ ತಿರುಗುತ್ತಲೇ.