ಮುಂದಿನ ಪಾಠಕ್ಕೆ ಅಧಿಕಾರಿ ಯಾರು?

ನಮ್ಮ ಪ್ರಾಚೀನ ಶಾಸ್ತ್ರಕಾರರು ಗ್ರಂಥದ ಆರಂಭದಲ್ಲಿಯೇ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಸಂಗತಿಗಳನ್ನು ಸ್ಪಷ್ಟಪಡಿಸುತ್ತಿದ್ದರು. ಇಲ್ಲಿ ಅಧಿಕಾರಿಯೆಂದರೆ ಆ ಶಾಸ್ತ್ರವನ್ನು ಕಲಿಯಲು ಸಿದ್ಧನಾದವನು. ಈ ಕಾಲದ ಶಾಸ್ತ್ರವಾದ ಕಂಪ್ಯೂಟರ್ ಪ್ರೋಗ್ರಾಮಿಂಗಿನಲ್ಲಿಯೂ ಇದೇ ಪ್ರಶ್ನೆ ಏಳುತ್ತದೆ. ಆರಂಭದ ಪಾಠ ಮುಗಿಸಿದ ಅನೇಕ ತರುಣ ತರುಣಿಯರು ಉನ್ನತ ತರಗತಿಗೆ ಸೇರಬಹುದೇ, ಕಾಯಬೇಕೇ ಎಂದು ತೊಳಲಾಡುತ್ತಾರೆ. ಸಿದ್ಧತೆಯಿಲ್ಲದೆ ಸೇರಿದವರು ಶುಲ್ಕದ ಹಣದೊಡನೆ ಆತ್ಮವಿಶ್ವಾಸವನ್ನೂ ಕಳೆದುಕೊಳ್ಳುತ್ತಾರೆ. ಸಿದ್ಧರಿದ್ದೂ ಅಳುಕಿದವರು ಅಮೂಲ್ಯವಾದ ವರ್ಷಗಳನ್ನು ಕಳೆದುಕೊಳ್ಳುತ್ತಾರೆ.

ನಾನು ಕನ್ನಡದ ಅಧ್ಯಾಪಕ. ನಿವೃತ್ತಿಯ ನಂತರ ಕುತೂಹಲಕ್ಕೆಂದು ಈ ವಿದ್ಯೆಯ ಮೊದಲ ಮೆಟ್ಟಿಲುಗಳನ್ನು ಹತ್ತಿದವನು. ಆದುದರಿಂದ ನನಗೆ ಪರಿಚಿತವಾದ ನಿಘಂಟಿನಿಂದಲೇ ಮಾತನ್ನು ಆರಂಭಿಸುತ್ತೇನೆ. 1894ರಲ್ಲಿ ಪ್ರಕಟವಾದ ಕಿಟ್ಟೆಲರ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಒಂದು ಪದಕ್ಕಾಗಿ ಯಾರೂ ಮೊದಲ ಪುಟದಿಂದ ಓದುತ್ತ ಬರುವುದಿಲ್ಲ. ನಡುವೆ ತೆರೆಯುತ್ತೇವೆ, ಬೇಕಾದ ಪದ ಹಿಂದಿದೆಯೋ ಮುಂದಿದೆಯೋ ನೋಡಿ ಒಂದು ಅರ್ಧವನ್ನು ಬಿಡುತ್ತೇವೆ, ಉಳಿದುದನ್ನು ಮತ್ತೆ ಅರ್ಧ ಮಾಡುತ್ತೇವೆ. ಹೀಗೆ ಕ್ರಮವಾಗಿ ಅರ್ಧಿಸುತ್ತ ಹೋದರೆ 70,000 ಪದಗಳಲ್ಲಿ ಒಂದನ್ನು ಹೆಚ್ಚೆಂದರೆ 17 ಹೋಲಿಕೆಗಳಲ್ಲಿ ಕಂಡುಹಿಡಿಯಬಹುದು. ಪ್ರೋಗ್ರಾಮು ಬರೆಯುವವರು ಇದನ್ನು ಬೈನರಿ ಸರ್ಚ್ ಎನ್ನುತ್ತಾರೆ.

ಉನ್ನತ ತರಗತಿಗೆ ಹೊರಟವರು ಪುಸ್ತಕ ಮುಚ್ಚಿ, ಬಿಳಿ ಹಾಳೆಯ ಮೇಲೆ ಇದನ್ನು ಬರೆದು ನೋಡಲಿ. ಹುಡುಕುವ ಪದವೇ ಪಟ್ಟಿಯಲ್ಲಿ ಇಲ್ಲದಿದ್ದರೆ? ಪಟ್ಟಿಯಲ್ಲಿ ಒಂದೇ ಪದವಿದ್ದರೆ? ಒಂದೂ ಇಲ್ಲದಿದ್ದರೆ? ಬರೆದದ್ದನ್ನು ಯಂತ್ರಕ್ಕೆ ಒಪ್ಪಿಸುವ ಮೊದಲು, ಪ್ರತಿಯೊಂದು ಸುತ್ತಿನಲ್ಲಿಯೂ ಎಡದ ಎಲ್ಲೆ ಎಷ್ಟು, ಬಲದ ಎಲ್ಲೆ ಎಷ್ಟು ಎಂದು ಕೈಯಿಂದ ಲೆಕ್ಕಹಾಕಲಿ. ಅಧ್ಯಾಪಕರು ಅನ್ವಯ ಮಾಡಿ ಹೇಳಿದಾಗ ಹಳಗನ್ನಡದ ಪದ್ಯ ಎಲ್ಲರಿಗೂ ತಿಳಿದಂತೆಯೇ ತೋರುತ್ತದೆ. ಹಿಂದೆ ಕಾಣದ ಪದ್ಯವನ್ನು ತಾನೇ ಅನ್ವಯಿಸಬಲ್ಲವನು ಮಾತ್ರ ಮುಂದಿನ ತರಗತಿಗೆ ಸಿದ್ಧ. ಪ್ರೋಗ್ರಾಮಿನ ಮಾತೂ ಅಷ್ಟೇ.

ಸಿದ್ಧತೆಯೆಂದರೆ ತಪ್ಪೇ ಆಗದಿರುವುದೆಂದು ಭಾವಿಸಬೇಕಾಗಿಲ್ಲ. ಜಾವಾ ಭಾಷೆಯೊಡನೆ ಬರುವ ಪ್ರೋಗ್ರಾಮು ಸಂಗ್ರಹದಲ್ಲಿದ್ದ ಇದೇ ಶೋಧಕ್ರಮದಲ್ಲಿ ದೋಷವಿದೆಯೆಂದು, ಅದನ್ನು ಬರೆದ ಜೋಶುವಾ ಬ್ಲಾಕ್ ಅವರೇ 2006ರಲ್ಲಿ ಪ್ರಕಟಿಸಿದರು. ನಡುವಿನ ಸ್ಥಾನ ತಿಳಿಯಲು ಎರಡೂ ಎಲ್ಲೆಗಳನ್ನು ಕೂಡಿ ಎರಡರಿಂದ ಭಾಗಿಸಲಾಗಿತ್ತು. ಪಟ್ಟಿ ಸುಮಾರು 107 ಕೋಟಿಯನ್ನು ಮೀರಿದರೆ ಆ ಮೊತ್ತ ನಿಗದಿಯಾದ ಮಿತಿಯನ್ನು ದಾಟಿ ಋಣಸಂಖ್ಯೆಯಾಗಿಬಿಡುತ್ತಿತ್ತು. ನುರಿತವರೂ ತಪ್ಪುತ್ತಾರೆ. ಆದರೆ ತಪ್ಪು ಎಲ್ಲಿದೆಯೆಂದು ಹೆಜ್ಜೆಹೆಜ್ಜೆಯಾಗಿ ಅರಸುವ ತಾಳ್ಮೆ ಅವರಲ್ಲಿರುತ್ತದೆ. ಆ ತಾಳ್ಮೆಯಿಲ್ಲದವರು ಇನ್ನೂ ಕೆಲವು ತಿಂಗಳು ಕಾಯುವುದು ಲೇಸು.

ಕನ್ನಡ ಮಾಧ್ಯಮದಲ್ಲಿ ಓದಿದ ನೆರೆಮನೆಯ ಹುಡುಗಿಯೊಬ್ಬಳು, “ಇಂಗ್ಲಿಷ್ ಸರಿಯಾಗಿ ಬಾರದ ನನಗೆ ಅದು ಸಾಧ್ಯವೇ, ಮೇಷ್ಟ್ರೇ?” ಎಂದು ಕೇಳಿದ್ದಳು. ಈ ಶೋಧ ಎಂದಾದರೂ ನಿಂತೇ ನಿಲ್ಲುತ್ತದೆಂಬ ಖಾತರಿ ಏನೆಂದು ನಾನು ಕೇಳಿದೆ. “ಪ್ರತಿ ಸುತ್ತಿನಲ್ಲೂ ಹುಡುಕುವ ಜಾಗ ಕಡಮೆಯಾಗುತ್ತಲೇ ಹೋಗುತ್ತದಲ್ಲ, ಕೊನೆಗೆ ಏನೂ ಉಳಿಯುವುದಿಲ್ಲ” ಎಂದಳು. ಕಾರಣ ಹೇಳಬಲ್ಲವಳಿಗೆ ಅಧಿಕಾರವಿದೆ. ಇಂಗ್ಲಿಷನ್ನು ಕಲಿಯುತ್ತ ಹೋಗಬಹುದು. ಅದರ ಕೊರತೆಯನ್ನು ಬುದ್ಧಿಯ ಕೊರತೆಯೆಂದು ತಿಳಿದು ಹಿಂಜರಿಯುವ ನಮ್ಮ ಮಕ್ಕಳ ಬಗ್ಗೆ ನನಗೆ ನಿಜವಾದ ವ್ಯಥೆಯಿದೆ.

ಡೊನಾಲ್ಡ್ ಕ್ನೂತ್ ಅವರು 1968ರಲ್ಲಿ ಪ್ರಕಟಿಸಲಾರಂಭಿಸಿದ ‘ದಿ ಆರ್ಟ್ ಆಫ್ ಕಂಪ್ಯೂಟರ್ ಪ್ರೋಗ್ರಾಮಿಂಗ್’ ಈ ಶಾಸ್ತ್ರದ ಮಹಾಗ್ರಂಥ. ಅದರ ಮುನ್ನುಡಿಯಲ್ಲಿ ಅವರು ಓದುಗರಿಂದ ಪ್ರಶಸ್ತಿಪತ್ರವನ್ನು ಬಯಸಿಲ್ಲ. ಕನಿಷ್ಠ ನಾಲ್ಕು ಪ್ರೋಗ್ರಾಮುಗಳನ್ನಾದರೂ ಸ್ವತಃ ಬರೆದು ಪರೀಕ್ಷಿಸಿರಬೇಕೆಂದು ಬಯಸಿದ್ದಾರೆ. ಸಂಖ್ಯೆ ಸಣ್ಣದು, “ಸ್ವತಃ” ಎಂಬ ಮಾತು ದೊಡ್ಡದು. ಆ ನಾಲ್ಕು ನಿಮ್ಮ ಕೈಯಲ್ಲಿದ್ದರೆ, ಧೈರ್ಯವಾಗಿ ಬಾಗಿಲು ತಟ್ಟಿ.